ಸಹಾಯ ಬೇಕು: ಆ್ಯಂಟಿ-ರೋ ಮಾತ್ರ ಪಾಸಿಟಿವ್, ಇದು ಲೂಪಸ್ಸಾ, ಶೋಗ್ರೆನ್ನಾ?

ನಮಸ್ಕಾರ. ಲೂಪಸ್, ಶೋಗ್ರೆನ್ ಎರಡೂ ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳು; ಶೋಗ್ರೆನ್‌ನಲ್ಲಿ ಮುಖ್ಯವಾಗಿ ಬಾಯಿ, ಕಣ್ಣು ಒಣಗುತ್ತವೆ. ತಂಗಿಗೆ 29 ವರ್ಷ. ಆರು ತಿಂಗಳಿಂದ ಬೆರಳ ಗೆಣ್ಣು ನೋವು, ಬಿಸಿಲಿಗೆ ಹೋದರೆ ಮುಖ ಕೆಂಪು. ಬಾಯಿ ಎಷ್ಟು ಒಣಗುತ್ತದೆ ಅಂದರೆ ಚಪಾತಿ ನುಂಗಲೂ ನೀರು ಬೇಕು. ಎಎನ್‌ಎ (ಇಂಥ ಕಾಯಿಲೆಗಳ ಸುಳಿವು ಹುಡುಕುವ ರಕ್ತ ಪರೀಕ್ಷೆ) 1:320, ಅಂದರೆ ಪಾಸಿಟಿವ್ ಬಂತು. ಆರೋಗ್ಯವಾಗಿರುವವರಲ್ಲೂ ಎಎನ್‌ಎ ಪಾಸಿಟಿವ್ ಇರಬಹುದು ಎಂದು ಓದಿ ಸುಮ್ನೆ ಸಮಾಧಾನ ಮಾಡಿಕೊಂಡೆವು.

ಆಮೇಲೆ ಯಾವ ಯಾವ ಆ್ಯಂಟಿಬಾಡಿ ಇದೆ ಎಂದು ಬಿಡಿಬಿಡಿಯಾಗಿ ನೋಡುವ ಪೂರ್ತಿ ಪ್ರೊಫೈಲ್ ಮಾಡಿಸಿದೆವು, ದುಡ್ಡೂ ಜಾಸ್ತಿನೇ ಹೋಯಿತು. ಲೂಪಸ್ ಎಂದು ಬೆರಳು ತೋರಿಸುವ ಡಿಎಸ್‌ಡಿಎನ್‌ಎ, ಎಸ್‌ಎಂ ಎರಡೂ ನೆಗೆಟಿವ್. ಆದರೆ ಆ್ಯಂಟಿ-ರೋ ಮೂರು ಪ್ಲಸ್! ಅದು ಲೂಪಸ್‌ನಲ್ಲೂ ಬರುತ್ತದೆ, ಶೋಗ್ರೆನ್‌ನಲ್ಲೂ ಬರುತ್ತದೆ. ತಲೆ ಕೆಟ್ಟಿರುವುದು ಇಲ್ಲೇ. ರುಮಟಾಲಜಿಸ್ಟ್ (ಕೀಲು ಮತ್ತು ಇಂಥ ಕಾಯಿಲೆಗಳ ತಜ್ಞರು) ಸಿಗುವುದು ಮುಂದಿನ ತಿಂಗಳು.

ಇದೇ ತರ ರಿಪೋರ್ಟ್ ಬಂದವರು ಇದ್ದೀರಾ? ಕೊನೆಗೆ ಯಾವ ಕಾಯಿಲೆ ಎಂದು ಖಚಿತವಾಗಿದ್ದು ಹೇಗೆ, ತುಟಿಯ ಬಯಾಪ್ಸಿ (ಒಳಗಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆ) ಮಾಡಿಸಬೇಕಾಯಿತಾ?