ಪದಚರ್ಚೆ: ದೋಣಿಯ ‘ಟ್ರಾನ್ಸಮ್’ಗೆ ಕನ್ನಡದಲ್ಲಿ ಏನು? (ತುರ್ತು)

ಕಲ್ಯಾಣಪುರದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಳೆಯ ಮರದ ಮೋಟಾರು ದೋಣಿಗೆ 1950ರ ದಶಕದ ಜಾನ್ಸನ್ ಸೀ ಹಾರ್ಸ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ) ಎಂಜಿನ್ ಕೂರಿಸುತ್ತಿದ್ದೇವೆ. ಸುವರ್ಣಾ ನದಿಯಲ್ಲಿ ಅದನ್ನು ಓಡಿಸುವವರು ಮನೆಯ ಹುಡುಗರು. ಇಂಗ್ಲಿಷ್ ಕೈಪಿಡಿಯನ್ನು ಅವರು ಬಿಡಿಸಿಯೂ ನೋಡುವುದಿಲ್ಲ. ಆದ್ದರಿಂದ ಚಪ್ಪರದ ಕಂಬಕ್ಕೆ ಕನ್ನಡದ ಫಲಕವೊಂದನ್ನು ಬರೆಸುತ್ತಿದ್ದೇನೆ. ಪೇಂಟರ್ ನಾಡಿದ್ದು ಬೆಳಗ್ಗೆ ಬರುತ್ತಾನೆ, ನಾಳೆ ಸಂಜೆಯೊಳಗೆ ಪದಗಳು ಬೇಕು.

ಟ್ರಾನ್ಸಮ್ ಎಂದರೆ ದೋಣಿಯ ಹಿಂಬದಿಯನ್ನು ಮುಚ್ಚುವ, ಎಂಜಿನ್ ಕಚ್ಚಿ ಕುಳಿತುಕೊಳ್ಳುವ ಹಲಗೆ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ಕೋಶದಲ್ಲಿ ಹುಡುಕಿ ಸೋತೆ. ಪ್ರೊಪೆಲ್ಲರಿನ ಮೇಲಿರುವ ಅಡ್ಡಪಟ್ಟಿಯನ್ನು ಕೈಪಿಡಿ ‘ಕ್ಯಾವಿಟೇಶನ್ ಪ್ಲೇಟ್’ ಎನ್ನುತ್ತದೆ. ಸದ್ಯಕ್ಕೆ ‘ಗುಳಿತಡೆ ಪಟ್ಟಿ’ ಎಂದು ಬರೆದುಕೊಂಡಿದ್ದೇನೆ, ಓದಿದರೆ ರಸ್ತೆ ರಿಪೇರಿಯ ಸಾಮಾನು ಅನ್ನಿಸುತ್ತದೆ. ಇನ್ನು ಶಿಯರ್ ಪಿನ್. ಪ್ರೊಪೆಲ್ಲರ್ ಬಂಡೆಗೆ ತಾಗಿದಾಗ ತಾನು ತುಂಡಾಗಿ ಗೇರನ್ನು ಉಳಿಸುವ ಸಣ್ಣ ಕಡ್ಡಿ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಪ್ರಮಾಣವನ್ನು ‘ಇಪ್ಪತ್ತನಾಲ್ಕಕ್ಕೆ ಒಂದು’ ಎಂದರೆ ಸಾಕಲ್ಲವೇ?

ಮಂಗಳೂರು, ಕದ್ರಿಯಿಂದ:

ಔಟ್‌ಬೋರ್ಡ್ ಎಂಜಿನ್ – ಹೊರಬಿಣಿಗೆ. ಟ್ರಾನ್ಸಮ್ – ಹಿಂಹಲಗೆ. ಶಿಯರ್ ಪಿನ್ – ಕಡಿಮೊಳೆ. ಕ್ಯಾವಿಟೇಶನ್ ಪ್ಲೇಟ್ – ಬುರುಗುತಡೆ. ಇಷ್ಟು ಸುಲಭದ ಕೆಲಸಕ್ಕೆ ತುರ್ತು ಎಂಬ ಶಿರೋನಾಮೆ ಏಕೋ!

ದೋಣಿ ಎಂಬುದನ್ನೂ ಕೈಬಿಡಿ. ಅದನ್ನು ದ್ರೋಣಿಯ ತದ್ಭವವೆಂದು ಸಂಸ್ಕೃತದವರು ಎಂದೋ ತಮ್ಮ ಲೆಕ್ಕಕ್ಕೆ ಬರೆದುಕೊಂಡಿದ್ದಾರೆ. ಓಡ ಎನ್ನಿ. ತಮಿಳಿನಲ್ಲಿ ಓಡಂ, ತುಳುವಿನಲ್ಲಿ ಓಡ, ಕನ್ನಡದಲ್ಲಿಯೂ ಓಡ. ಓಡುವುದು ಓಡ. ಇದಕ್ಕಿಂತ ಚೊಕ್ಕ ಪದ ಬೇಕೆ? ನಮ್ಮ ಹಿರಿಯರು ಕೆರೋಸಿನ್ ಬಂದಾಗ ಇಂಗ್ಲಿಷಿನವರ ಕಾಲಿಗೆ ಬೀಳಲಿಲ್ಲ, ಸೀಮೆಎಣ್ಣೆ ಎಂದರು. ಹಾಗೆ ಪದ ಕಟ್ಟುವ ಧೈರ್ಯ ನಮಗೂ ಬೇಕು.

ಮಂಗಳೂರು, ಹಳೆ ಬಂದರಿನಿಂದ:

ಸೀಮೆಎಣ್ಣೆಯ ಸೀಮೆ ಸಂಸ್ಕೃತ. ಮುಂದಿನ ಉದಾಹರಣೆ ಕೊಡಿ.

ಬಿಣಿಗೆ ಎಂದು ದಕ್ಕೆಯಲ್ಲಿ (ದೋಣಿಗಳು ತಂಗುವ ಕಟ್ಟೆಯಲ್ಲಿ) ಕೇಳಿದರೆ ಯಾವ ಮೀನು ಎಂದು ಕೇಳುತ್ತಾರೆ. ನೀರಿಗೆ ಇಳಿದ ಮೇಲೆ ಕನ್ನಡ ಎಂದೂ ಮಡಿ ಮಾಡಿದ್ದಿಲ್ಲ. ಬಂದರು, ಲಂಗರು ಪಾರಸಿಯವು. ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಕೆಲಸದ ಮೇಸ್ತ್ರಿ ಪೋರ್ಚುಗೀಸರಿಂದ ಬಂದವನು. ಕೊಟ್ಟಿದ್ದೂ ಉಂಟು: ಇಂಗ್ಲಿಷಿನ ಕ್ಯಾಟಮರಾನ್ ತಮಿಳಿನ ಕಟ್ಟುಮರ. ಇದನ್ನೆಲ್ಲ ಗುಡಿಸಿ ಹಾಕಿದರೆ ನಿಮ್ಮ ಓಡಕ್ಕೆ ನಿಲ್ಲಲು ಬಂದರೂ ಇಲ್ಲ, ಹಾಕಲು ಲಂಗರೂ ಇಲ್ಲ.

ದೋಣಿಯ ಹಿಂತುದಿಗೆ ಮಲಯಾಳದಲ್ಲಿ ‘ಅಮರಂ’ ಎಂಬ ಒಳ್ಳೆಯ ಪದವಿದೆ. ನೆರೆಮನೆಯಿಂದ ತಂದರೆ ತಪ್ಪೇನು? ಅಮರದ ಹಲಗೆ.

ಮಲ್ಪೆಯಿಂದ:

ಅಮರದ ಹಲಗೆ ಎಂದು ಬರೆಸಿದರೆ ಯಾರ ನೆನಪಿಗೆ ಇಟ್ಟದ್ದು ಎಂದು ಕೇಳುತ್ತಾರೆ ಸ್ವಾಮೀ.

ಕಿಟೆಲ್ ಕೋಶ ಬಾಸೆಲ್ ಮಿಷನ್ನಿನಲ್ಲಿ ಅಚ್ಚಾದದ್ದು 1894ರಲ್ಲಿ. ಎವಿನ್‌ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ ಔಟ್‌ಬೋರ್ಡ್ ಎಂಜಿನ್ ಮಾರಲು ತೊಡಗಿದ್ದು 1909ರಲ್ಲಿ. ಕೋಶದಲ್ಲಿ ಪದ ಸಿಗದಿರಲು ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಮ್ಮ ಹೊಳೆಗಳ ಹಳೆಯ ದೋಣಿಗಳು ಬಹುಪಾಲು ಎರಡೂ ತುದಿ ಚೂಪಾದವು. ಆ ಹಲಗೆಯೇ ಇಲ್ಲದ ಮೇಲೆ ಅದರ ಹೆಸರನ್ನು ಹುಡುಕುವುದು ಎಲ್ಲಿ? ‘ಎಂಜಿನ್ ಹಲಗೆ’ ಎಂದು ಬರೆಯಿರಿ, ನೋಡಿದವನಿಗೆ ಅದು ಯಾವುದೆಂದು ತಾನಾಗಿ ಗೊತ್ತಾಗುತ್ತದೆ. ಬರೆಸುವ ಮೊದಲು ಅದರ ಎತ್ತರ ಅಳೆಯಿರಿ. ಗಿಡ್ಡ ಶಾಫ್ಟಿನ (ಪ್ರೊಪೆಲ್ಲರಿನತ್ತ ಇಳಿಯುವ ದಂಡದ) ಎಂಜಿನ್ನಿಗೆ ಸುಮಾರು 15 ಇಂಚು, ಉದ್ದ ಶಾಫ್ಟಿಗೆ 20.

ಎರಡನೆಯ ಪದದಲ್ಲಿ ತಪ್ಪಿರುವುದು ಇಂಗ್ಲಿಷಿನದೇ. ಕ್ಯಾವಿಟೇಶನ್ ಎಂದರೆ ಪ್ರೊಪೆಲ್ಲರಿನ ಅಲಗಿನ ಮೇಲೆ ಒತ್ತಡ ಕುಸಿದು ನೀರೇ ಆವಿಯಾಗಿ ಗುಳ್ಳೆ ಕಟ್ಟುವುದು. ಆ ಗುಳ್ಳೆಗಳು ಕುಸಿಯುವಾಗ ಲೋಹವನ್ನೂ ಕೊರೆಯುತ್ತವೆ. ಈ ಪಟ್ಟಿ ಅದನ್ನು ತಡೆಯುವುದಿಲ್ಲ. ಪ್ರೊಪೆಲ್ಲರ್ ನೀರಿನ ಮೇಲಿಂದ ಗಾಳಿ ಎಳೆದುಕೊಳ್ಳದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಗಾಳಿ ಸಿಕ್ಕಿದರೆ ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಗುಳಿಯೂ ಬೇಡ, ಬುರುಗೂ ಬೇಡ. ಗಾಳಿತಡೆ ಪಟ್ಟಿ. ಅದು ದೋಣಿಯ ಅಡಿಯ ಮಟ್ಟಕ್ಕೆ ಇರಬೇಕು. ಹೆಚ್ಚು ಮೇಲಿದ್ದರೆ ಗಾಳಿ, ಹೆಚ್ಚು ಕೆಳಗಿದ್ದರೆ ನೀರಿನ ಎಳೆತ.

ಕಡಿಮೊಳೆಯ ಬಗ್ಗೆ ಕದ್ರಿಯವರಲ್ಲಿ ಒಂದು ಮಾತು. ಮೊಳೆ ಎಂದು ಬರೆದರೆ ಹುಡುಗರು ಮೊಳೆಯನ್ನೇ ಹಾಕುತ್ತಾರೆ. ಮೆದು ಲೋಹದ ಪಿನ್ ಇರಬೇಕಾದಲ್ಲಿ ಗಟ್ಟಿ ಮೊಳೆ ಕುಳಿತರೆ ಮುಂದಿನ ಬಂಡೆಗೆ ಮೊಳೆ ಉಳಿಯುತ್ತದೆ, ಗೇರ್ ಹೋಗುತ್ತದೆ. 1950ರ ದಶಕದ ಜಾನ್ಸನ್ನಿಗೆ ಗೇರ್ ಎಲ್ಲಿಂದ ತರುತ್ತೀರಿ? ಅಂಗಡಿಯಲ್ಲಿ ಕೇಳುವುದು ಪಿನ್, ಕೊಡುವುದು ಪಿನ್. ಹಾಗೆಯೇ ಬಿಡಿ.

ಎಣ್ಣೆಯ ಸಾಲು ಮಾತ್ರ ಹೀಗೆಯೇ ಹೋಗಕೂಡದು. ನಮ್ಮ ಕರಾವಳಿಯ ನಾಡದೋಣಿಗಳ ಎಂಜಿನ್ನುಗಳು ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತವೆ. ಇಲ್ಲಿ ಬೆಳೆದ ಹುಡುಗನಿಗೆ ‘ಪೆಟ್ರೋಲಿಗೆ ಎಣ್ಣೆ ಬೆರೆಸಿ’ ಎಂದರೆ ಕೈ ಸೀಮೆಎಣ್ಣೆಯ ಕ್ಯಾನಿಗೆ ಹೋದರೂ ಹೋದೀತು. ಇಂಥ ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿನ ಜೊತೆ ಹೋದದ್ದೇ ಬೇರಿಂಗ್, ಪಿಸ್ಟನ್‌ಗಳಿಗೆ ಜಿಡ್ಡು. ಆ ಎಣ್ಣೆಯ ಬದಲು ಸೀಮೆಎಣ್ಣೆ ಸುರಿದರೆ ಎಂಜಿನ್ ಒಳಗೆ ಬಿಗಿದು ಕಚ್ಚಿಕೊಳ್ಳುತ್ತದೆ. ‘ಟೂ ಸ್ಟ್ರೋಕ್ ಆಯಿಲ್’ ಎಂದೇ ಬರೆಸಿ. ‘ಇಪ್ಪತ್ತನಾಲ್ಕಕ್ಕೆ ಒಂದು’ ಓದಿದವನು ಯಾವುದಕ್ಕೆ ಯಾವುದು ಎಂದು ನಿಂತುಬಿಡುತ್ತಾನೆ. 6 ಲೀಟರ್ ಪೆಟ್ರೋಲಿಗೆ 250 ಮಿಲಿಲೀಟರ್ ಎನ್ನಿ, ಲೆಕ್ಕ ಅದೇ.

ಕದ್ರಿಯಿಂದ:

ಹೀಗೆಯೇ ಒಂದೊಂದು ಫಲಕಕ್ಕೂ ಒಂದೊಂದು ನೆಪ. ಆಯಿಲ್ ಬಂದಿತು, ಪಿನ್ ಬಂದಿತು, ಶಾಫ್ಟ್ ಬಂದಿತು. ಕೊನೆಗೆ ಕನ್ನಡದ್ದೆಂದು ಉಳಿಯುವುದು ‘ಬೆರೆಸಿ’ ಒಂದೇ.

ಹಳೆ ಬಂದರಿನಿಂದ:

ಕ್ರಿಯಾಪದ ಉಳಿದರೆ ಭಾಷೆ ಉಳಿಯಿತು. ನಾಮಪದಗಳು ಹಡಗಿನಲ್ಲಿ ಬಂದು ಹೋಗುತ್ತಿರಲಿ. ‘ಅಮರ’ವನ್ನು ನಾನಂತೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಮಲ್ಪೆಯಿಂದ:

ಒಂದು ಬಿಟ್ಟುಹೋಯಿತು. ಕಲ್ಯಾಣಪುರದ ಬಳಿ ಭರತದ ಹೊತ್ತಿಗೆ ಉಪ್ಪುನೀರು ಏರುತ್ತದೆ. ಪ್ರತಿ ಸಲವೂ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಕೆಲವು ನಿಮಿಷ ಓಡಿಸಲು ಫಲಕದಲ್ಲಿ ಹೇಳಿ.

ಕಲ್ಯಾಣಪುರದಿಂದ:

ಎಲ್ಲರಿಗೂ ಕೃತಜ್ಞತೆ. ಪೇಂಟರಿಗೆ ಈ ಕೆಳಗಿನದನ್ನು ಕಳುಹಿಸಿದ್ದೇನೆ.

‘ಎಂಜಿನ್ ಹಲಗೆಗೆ ಹಾಕಿದ ಸ್ಕ್ರೂಗಳು ಬಿಗಿಯಾಗಿವೆಯೇ ನೋಡಿ. ಗಾಳಿತಡೆ ಪಟ್ಟಿ ದೋಣಿಯ ಅಡಿಯ ಮಟ್ಟಕ್ಕೆ ಇರಲಿ. 6 ಲೀಟರ್ ಪೆಟ್ರೋಲಿಗೆ 250 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸಿ, ಸೀಮೆಎಣ್ಣೆ ಹಾಕಬೇಡಿ. ಪಿನ್ ತುಂಡಾದರೆ ಪಿನ್ನನ್ನೇ ಹಾಕಿ, ಮೊಳೆ ಹಾಕಬೇಡಿ. ಬಂದ ಮೇಲೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಓಡಿಸಿ.’

ಓಡ, ಅಮರಗಳ ಚರ್ಚೆಯನ್ನು ದಯವಿಟ್ಟು ಬೇರೆ ಶಿರೋನಾಮೆಯಲ್ಲಿ ಮುಂದುವರಿಸಿ. ಪೇಂಟರ್ ಅಕ್ಷರಕ್ಕೆ ಇಷ್ಟು ಎಂದು ಹಣ ಕೇಳುತ್ತಿದ್ದಾನೆ.