ಆ ಗೂಡಿನ ಫೋಟೋ ಅಳಿಸಿಬಿಡು, ಅಣ್ಣಾ

ಗುಂಪು: ನಮ್ಮ ಮನೆ ಮಂದಿ

ಅಣ್ಣ ಹುಬ್ಬಳ್ಳಿ: ಫೋಟೋ ನೋಡಿ ಎಲ್ಲರೂ. ನಮ್ಮ ಅಂಗಳದ ಮಲ್ಲಿಗೆ ಬಳ್ಳಿಯಲ್ಲಿ ಸೂರಕ್ಕಿ ಗೂಡು, ಅದೇ ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ. ಒಳಗೆ ಎರಡು ಮರಿ. ಬರೀ ಮೊಬೈಲ್‌ನಲ್ಲಿ ತೆಗೆದದ್ದು! ಎಲೆ ಅಡ್ಡ ಬರುತ್ತಿತ್ತು, ದಾರದಿಂದ ಹಿಂದಕ್ಕೆ ಎಳೆದು ಕಟ್ಟಿದೆ.

ಕಾಕಾ ಗದಗ: ಭಾರಿ ಬಂದಿದೆ! ನಮ್ಮ ಓಣಿಯ ಗುಂಪಿಗೂ ಕಳಿಸಿದೆ. ಎಲ್ಲರೂ ಹೊಗಳುತ್ತಿದ್ದಾರೆ.

ನಾನು: ಅಣ್ಣಾ, ಮೊದಲು ಹೋಗಿ ಆ ದಾರ ಬಿಚ್ಚು. ಫೋಟೋದ ಮಾತು ಆಮೇಲೆ.

ಅಣ್ಣ ಹುಬ್ಬಳ್ಳಿ: ಯಾಕೆ ತಂಗಿ, ಏನಾಯಿತು? ಗೂಡನ್ನು ಮುಟ್ಟಿಲ್ಲ ನಾನು. ಒಂದು ನಿಮಿಷದ ಕೆಲಸ. ಆ ಹಕ್ಕಿಗೆ ನಮ್ಮ ಮನೆಯವರ ರೂಢಿ ಇದೆ.

ನಾನು: ಅಂಗಳದಲ್ಲಿ ಓಡಾಡುವವರ ರೂಢಿ ಇದೆ. ಗೂಡಿನ ಬಾಯಿಗೆ ಮೊಬೈಲ್ ಹಿಡಿಯುವವರದಲ್ಲ. ಆ ಗೂಡನ್ನು ಸರಿಯಾಗಿ ನೋಡು. ಹೆಣ್ಣು ಹಕ್ಕಿ ಜೇಡರ ಬಲೆ, ನಾರು, ತೊಗಟೆ ಚೂರು, ಒಣ ಎಲೆ ಎಲ್ಲ ಸೇರಿಸಿ ಕಟ್ಟಿದೆ. ಬಳ್ಳಿಗೆ ಸಿಕ್ಕಿಕೊಂಡ ಕಸ ಅಂತಲೇ ಅನ್ನಿಸಬೇಕು, ಹಾಗಿದೆ. ಬಾಯಿ ಪಕ್ಕದಲ್ಲಿ, ಅದರ ಮೇಲೊಂದು ಪುಟ್ಟ ಸೂರು. ಇಷ್ಟು ಕಷ್ಟಪಟ್ಟು ಬಚ್ಚಿಟ್ಟಿದ್ದನ್ನು ನೀನು ಎಲೆ ಸರಿಸಿ ಬಯಲು ಮಾಡಿದೆ. ಕಾಗೆ ಇದೆ, ಕೆಂಬೂತ ಇದೆ, ಪಕ್ಕದ ಮನೆ ಬೆಕ್ಕಿದೆ. ಮೇಲಿಂದ ಹುಬ್ಬಳ್ಳಿಯ ಏಪ್ರಿಲ್ ಬಿಸಿಲು. ಮರಿಗಳಿಗೆ ಇನ್ನೂ ಪುಕ್ಕ ಬಂದಿಲ್ಲ, ನಿನ್ನ ಫೋಟೋದಲ್ಲೇ ಕಾಣುತ್ತಿದೆ. ನೀನು ಅಲ್ಲಿ ನಿಂತಷ್ಟು ಹೊತ್ತು ತಾಯಿ ಹಕ್ಕಿ ಹುಳ ಕಚ್ಚಿಕೊಂಡು ದೂರದಲ್ಲೇ ಕೂತಿರುತ್ತದೆ, ಗೂಡಿಗೆ ಬರುವುದಿಲ್ಲ.

ಕಾಕಾ ಗದಗ: ಏನವ್ವಾ, ನೀನು ಆ ತೋಪಿನಂಥ ಲೆನ್ಸ್ ಹಿಡಿದು ಊರೆಲ್ಲ ತಿರುಗುತ್ತೀ. ನೀನು ತೆಗೆದರೆ ಹವ್ಯಾಸ, ಅವನು ತೆಗೆದರೆ ತಪ್ಪಾ?

ನಾನು: ಲೆನ್ಸ್ ಅಷ್ಟು ಉದ್ದ ಇರುವುದೇ ದೂರ ನಿಲ್ಲುವುದಕ್ಕೆ ಕಾಕಾ. ನೀವೇ ನನ್ನನ್ನು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕರೆದುಕೊಂಡು ಹೋಗಿದ್ದಿರಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಬಂದ ಪಟ್ಟೆತಲೆ ಹೆಬ್ಬಾತುಗಳನ್ನು ದಂಡೆಯಿಂದಲೇ ನೋಡಿದೆವು. ಹತ್ತಿರ ಹೋಗಬೇಡ, ಎದ್ದು ಹಾರುತ್ತವೆ ಅಂತ ನೀವೇ ಹೇಳಿದಿರಿ. ಆ ಹೆಬ್ಬಾತಿಗೆ ಹಾರಿಹೋಗುವ ದಾರಿ ಇತ್ತು. ಮರಿ ಬಿಟ್ಟು ಈ ಸೂರಕ್ಕಿ ಎಲ್ಲಿಗೆ ಹೋಗಬೇಕು? ಅದಕ್ಕೇ ಲೆನ್ಸ್ ಇದ್ದರೂ ನಾನು ಗೂಡಿನ ಫೋಟೋ ತೆಗೆಯುವುದಿಲ್ಲ.

ವೈನಿ: ನಾನು ಹೇಳಿದೆ, ಕೇಳಲಿಲ್ಲ ನೋಡ್ರೀ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆಗೇ ಸೇರಿಸಿದ್ದಾರೆ. ನಮ್ಮ ಶಾಲೆಯ ಮಕ್ಕಳಿಗೆ ನಾನೇ ಕಲಿಸುತ್ತೇನೆ. ದಾರ ಬಿಚ್ಚಿಸಿದೆ ಈಗ. ಎಲೆ ವಾಪಸ್ ಬಂದಿದೆ.

ತಮ್ಮ ಹಾವೇರಿ: ಅಕ್ಕಾ, ಮರಿ ವಿಷಯ ಒಪ್ಪಿದೆ. ಆದರೆ ಉದ್ದ ಲೆನ್ಸ್ ಕೊಳ್ಳುವುದು ಎಲ್ಲರ ಕೈಲಾಗುತ್ತಾ? ನಿನ್ನ ನಿಕಾನ್ 200-500 ಮಿಲಿಮೀಟರ್ ಲೆನ್ಸಿನ ದುಡ್ಡಿಗೆ ಒಂದು ಗಾಡಿ ಬರುತ್ತೆ. ಮೊಬೈಲ್‌ನಲ್ಲೂ ಈಗ 100 ಪಟ್ಟು ಜೂಮ್ ಇದೆ.

ನಾನು: ಕೊಳ್ಳಲೇಬೇಕು ಅಂತ ಯಾರೂ ಹೇಳಿಲ್ಲ. ಬಾಡಿಗೆಗೆ ಸಿಗುತ್ತೆ. ಮೊಬೈಲ್ ಮಾತ್ರ ಇದ್ದರೂ ದಾರಿ ಇದೆ. ದಾಸವಾಳದ ಗಿಡದ ಹತ್ತಿರ ಸ್ಟ್ಯಾಂಡಿಗೆ ಹಾಕು, ವಿಡಿಯೋ ಚಾಲೂ ಮಾಡು, ಒಳಗೆ ಹೋಗಿ ಚಹಾ ಕುಡಿ. ಸೂರಕ್ಕಿ ಅದೇ ಗಿಡಕ್ಕೆ ಮತ್ತೆ ಮತ್ತೆ ಬರುತ್ತದೆ. ಆ 100 ಪಟ್ಟು ಜೂಮ್ ನಂಬಬೇಡ. ಬಹುಪಾಲು ಇರುವ ಚಿತ್ರವನ್ನೇ ಹಿಗ್ಗಿಸಿ ಉಳಿದದ್ದನ್ನು ಊಹಿಸಿ ತುಂಬುತ್ತದೆ. ಪುಕ್ಕದ ಎಳೆ ಉಳಿಯುವುದಿಲ್ಲ. ಹಿಂದಿನದನ್ನು ಮಸುಕು ಮಾಡುವಾಗ ಕೊಕ್ಕಿನ ತುದಿಯನ್ನೂ ದಾಸವಾಳದ ಕೇಸರವನ್ನೂ ಸೇರಿಸಿ ಅಳಿಸುತ್ತದೆ.

ಲೆನ್ಸ್‌ನಲ್ಲಿ ಹಾಗಲ್ಲ. ನಮ್ಮ ಅಡುಗೆಮನೆ ಕಿಟಕಿಯಿಂದ ಹೂವಿಗೆ ಮೂರು ಮೀಟರ್ ಆಗಬಹುದು. 200-500ಕ್ಕೆ 2.2 ಮೀಟರ್‌ಗಿಂತ ಹತ್ತಿರದ್ದು ಫೋಕಸ್ ಆಗುವುದೇ ಇಲ್ಲ, ಅದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಆ ಮೂರು ಮೀಟರ್‌ನಿಂದ 400 ಮಿಲಿಮೀಟರ್, ಎಫ್ 5.6ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದಾಗ, ಸ್ಪಷ್ಟವಾಗಿ ಬರುವ ಜಾಗ ಒಂದೆರಡು ಸೆಂಟಿಮೀಟರ್ ಮಾತ್ರ. ಹಕ್ಕಿ ಎದುರಿಗೆ ಮುಖ ಮಾಡಿದ್ದರೆ ಕಣ್ಣು ಬರುತ್ತೆ, ಬಾಲ ಹೋಗುತ್ತೆ. ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು. ಆ ಕಾಯುವುದರಲ್ಲೇ ಎಷ್ಟೊಂದು ಕಲಿಯುತ್ತೇವೆ! ದಾಸವಾಳಕ್ಕೆ ಸೂರಕ್ಕಿ ಎಷ್ಟೋ ಸಲ ಮುಂದಿನಿಂದ ಬರುವುದೇ ಇಲ್ಲ. ಹೂವಿನ ಬುಡಕ್ಕೆ ಕೊಕ್ಕಿನಿಂದ ತೂತು ಮಾಡಿ ಮಕರಂದ ಹೀರುತ್ತದೆ. ಇದನ್ನು ನಾನು ಕಣ್ಣಾರೆ ಕಂಡದ್ದು ಆ ಲೆನ್ಸ್‌ನಿಂದ. ಹತ್ತಿರ ಹೋಗಿದ್ದರೆ ಹಾರಿಹೋಗುತ್ತಿತ್ತು.

ತಮ್ಮ ಹಾವೇರಿ: ಶಟರ್ ಎಷ್ಟು ಹೊತ್ತು ತೆರೆದಿಡುತ್ತೀ?

ನಾನು: ಹಕ್ಕಿ ಕೂತಿದ್ದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಹೂವಿನ ಮುಂದೆ ರೆಕ್ಕೆ ಬಡಿಯುತ್ತಿದ್ದರೆ ಎರಡು ಸಾವಿರದಲ್ಲಿ ಒಂದು, ಆಗಲೂ ರೆಕ್ಕೆ ಸ್ವಲ್ಪ ಮಸುಕು. ಬರೀ ಹೂ ಆದರೆ ಕಿಂಡಿ ಕಿರಿದು ಮಾಡಿ ಎಫ್ 11ಕ್ಕೆ ಹೋಗು, ಗಾಳಿ ಏಳುವ ಮುಂಚೆ ಮುಗಿಸು.

ಅಣ್ಣ ಹುಬ್ಬಳ್ಳಿ: ಈ ಗುಂಪಿನಿಂದ ಫೋಟೋ ಅಳಿಸಿದೆ. ಮರಿಗಳಿಗೆ ಏನೂ ಆಗಬಾರದು ಅಷ್ಟೆ.

ನಾನು: ಒಳ್ಳೆಯದಾಯಿತು ಅಣ್ಣಾ. ಕಾಕಾ, ನಿಮ್ಮ ಓಣಿ ಗುಂಪಿನಿಂದಲೂ ಅಳಿಸಿರಿ.

ಕಾಕಾ ಗದಗ: ಅದಕ್ಕೇನು ಈಗ? ಆದದ್ದು ಆಯಿತು. ಅಲ್ಲಿ ಇಟ್ಟರೆ ಯಾವ ಹಕ್ಕಿಗೆ ನೋವು?

ನಾನು: ಇದೇ ದೊಡ್ಡ ವಿಷಯ ಕಾಕಾ. ಅಷ್ಟು ಹೊಗಳಿಕೆ ನೋಡಿದವರು ನಾಳೆ ತಮ್ಮ ಹಿತ್ತಲಲ್ಲಿ ಗೂಡು ಹುಡುಕುತ್ತಾರೆ. ಅವರೂ ಎಲೆ ಸರಿಸುತ್ತಾರೆ. ಗೂಡಿನ ಫೋಟೋ ಬೇಡ ಅಂತ ಎಷ್ಟೋ ಸ್ಪರ್ಧೆಗಳೇ ಹೇಳುವುದು ಇದಕ್ಕೇ. ಅಣ್ಣನ ಮನೆಯಲ್ಲಿ ವೈನಿ ಇದ್ದರು, ದಾರ ಬಿಚ್ಚಿಸಿದರು. ಎಲ್ಲರ ಮನೆಯಲ್ಲಿ ಯಾರಿದ್ದಾರೆ?

ಕಾಕಾ ಗದಗ: ಅಳಿಸಿದೆನವ್ವಾ. ಆದರೂ ಗೂಡು ನೋಡುವುದೇ ತಪ್ಪು ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಮನೆಯ ತೊಲೆಯಲ್ಲಿ ಗುಬ್ಬಿ ಗೂಡು ನೋಡುತ್ತಲೇ ನಾವು ಬೆಳೆದದ್ದು.

ನಾನು: ನೋಡಬೇಡಿ ಅಂತ ನಾನೂ ಹೇಳುತ್ತಿಲ್ಲ. ಗುಬ್ಬಿ ಗೂಡನ್ನು ನೀವು ಕೆಳಗಿನಿಂದ ನೋಡಿದಿರಿ, ಏಣಿ ಹಾಕಲಿಲ್ಲ. ಓಣಿಯವರಿಗೆ ಕಳಿಸಲು ಫೋಟೋ ಬೇಕಾದರೆ ಭಾನುವಾರ ಬೆಳಿಗ್ಗೆ ಏಳಕ್ಕೆ ಧಾರವಾಡಕ್ಕೆ ಬನ್ನಿ. ಹಿತ್ತಲಲ್ಲಿ ರತ್ನಗಂಧಿ ತುಂಬ ಹೂ ಬಿಟ್ಟಿದೆ, ಗಂಡು ಸೂರಕ್ಕಿ ದಿನಾ ಬರುತ್ತೆ. ಇಳಿಬಿಸಿಲೋ ಎಳೆಬಿಸಿಲೋ ಓರೆಯಾಗಿ ಬಿದ್ದರೆ ಮಾತ್ರ ಅದರ ಕಪ್ಪು ಮೈಯಲ್ಲಿ ನೀಲಿ, ನೇರಳೆ ಹೊಳೆಯುವುದು. ಲೆನ್ಸ್ ಎರಡು ಕಿಲೋ ಮೇಲಿದೆ, ಮೊನೊಪಾಡ್, ಅಂದರೆ ಒಂಟಿ ಕಾಲಿನ ಸ್ಟ್ಯಾಂಡ್, ಹಾಕಿಕೊಡುತ್ತೇನೆ. ನೀವೇ ತೆಗೆಯಿರಿ.