ಖಾನಾವಳಿ: ಊಟದ ಮನೆಯೋ, ಊಟದ ದುಡ್ಡೋ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಾವು ಕೆಲವರು ಸೇರಿ ಹಳೇ ಮುಂಬಯಿಯ ಅಂಗಡಿ, ಊಟದ ಮನೆ, ಲಾಡ್ಜುಗಳ ಮರಾಠಿ ಜಾಹೀರಾತುಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ. ಮೂಲದ ಪಕ್ಕದಲ್ಲೇ ಕನ್ನಡ ಚೀಟಿ ಅಂಟಿಸಿ ಸಣ್ಣದೊಂದು ಪ್ರದರ್ಶನ ಇಡೋಣ ಅಂತ ಆಸೆ. ಹೆಚ್ಚಿನವು ಸಲೀಸಾಗಿ ಬಂದವು. ಸಿಕ್ಕಿಕೊಂಡಿದ್ದು ಒಂದು ಕರಪತ್ರದ ಕೊನೇ ಸಾಲಿನಲ್ಲಿ. ಸಣ್ಣ ಅಕ್ಷರದಲ್ಲಿ 'ಖಾಣಾವಳ ಆಗಾಊ ದ್ಯಾವೀ' ಅಂತಿದೆ. ಧಾರವಾಡ ಕಡೆಯ ಗೆಳೆಯರೊಬ್ಬರು ಅದನ್ನು 'ಖಾನಾವಳಿ ಮುಂಗಡ ಕೊಡಬೇಕು' ಅಂತ ಬರೆದಿಟ್ಟರು. ಓದಿದವರೆಲ್ಲ ನಕ್ಕರು. ಖಾನಾವಳಿಯನ್ನೇ ಎತ್ತಿ ಕೊಡೋದು ಹೇಗೆ?

ಆದರೆ ಅವರು ಬರೆದದ್ದು ಸರಿಯೇ. ಮರಾಠಿಯಲ್ಲಿ ಕ್ರಿಯಾಪದಕ್ಕೆ 'ಣಾವಳ' ಅಂಟಿಸಿದರೆ ಆ ಕೆಲಸಕ್ಕೆ ಕೊಡುವ ದುಡ್ಡು ಎಂದರ್ಥ. ಒಡವೆ ಮಾಡಿಸಿದರೆ ಕೊಡುವ ಮಜೂರಿ 'ಘಡಣಾವಳ'. ಬಟ್ಟೆ ಒಗೆಸಿದ್ದಕ್ಕೆ ಕೊಡುವುದು 'ಧುಣಾವಳ'. ಗುಡಿ ಪಾಡ್ವಾ ಹತ್ತಿರ ಬಂದರೆ ಚಿನ್ನದಂಗಡಿಗಳು 'ಘಡಣಾವಳೀವರ ಸೂಟ್' (ಮಜೂರಿಯಲ್ಲಿ ರಿಯಾಯಿತಿ) ಅಂತ ದೊಡ್ಡದಾಗಿ ಹಾಕಿಕೊಳ್ಳುವುದನ್ನು ಇಲ್ಲಿರುವವರು ನೋಡಿಯೇ ಇರುತ್ತೀರಿ. ಅದೇ ಲೆಕ್ಕದಲ್ಲಿ ಊಟಕ್ಕೆ ಕೊಡುವ ದುಡ್ಡು ಖಾಣಾವಳ. ದುಡ್ಡಿನ ಅರ್ಥ ಮೊದಲು ಬಂದು, ಆ ದುಡ್ಡು ತೆಗೆದುಕೊಂಡು ಊಟ ಹಾಕುವ ಜಾಗಕ್ಕೂ ಅದೇ ಹೆಸರು ಆಮೇಲೆ ಅಂಟಿರಬೇಕು ಅಂತ ನನ್ನ ಅನಿಸಿಕೆ.

ಕನ್ನಡಕ್ಕೆ ಬರುವಾಗ ಜಾಗದ ಅರ್ಥ ಮಾತ್ರ ಬಂದಂತಿದೆ. 'ಣ' ಹೋಗಿ 'ನ' ಆಯಿತು, ಕೊನೆಗೊಂದು 'ಇ' ಸೇರಿತು. ಕಾರ್ಖಾನೆ, ದವಾಖಾನೆಗಳ ಜೊತೆ ಕಿವಿಗೆ ಹೊಂದಿಕೊಂಡೂಬಿಟ್ಟಿತು. ಹಾಗಾಗಿ ಇದರಲ್ಲಿ ದುಡ್ಡು ಯಾರಿಗೂ ಕಾಣುವುದಿಲ್ಲ.

ಜಾಗದ ಅರ್ಥದಲ್ಲೂ ಎರಡು ಊರಿಗೆ ಎರಡು ಚಿತ್ರ. ಹುಬ್ಬಳ್ಳಿಯ ಖಾನಾವಳಿ ಅಂದರೆ ಹೋಗೋದು, ಜೋಳದ ರೊಟ್ಟಿ, ಎಣಗಾಯಿ ಉಣ್ಣೋದು, ದುಡ್ಡು ಕೊಟ್ಟು ಬರೋದು. ಮುಂಬಯಿಯ ಗಿರಣಗಾಂವ್‌ನಲ್ಲಿ, ಅಂದರೆ ಪರೇಲ್, ಲಾಲ್‌ಬಾಗ್ ಕಡೆಯ ಗಿರಣಿಗಳ ಸುತ್ತ, ಅದು ಬೇರೆಯೇ ಇತ್ತು. ಚಾಳಿನ, ಅಂದರೆ ವಠಾರದ, ಒಂದು ಖೋಲಿಯಲ್ಲಿ ಒಬ್ಬ ಹೆಂಗಸು ಅಡುಗೆ ಮಾಡುತ್ತಿದ್ದಳು. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಗಿರಣಿ ಕಾರ್ಮಿಕರು ಪಾಳಿ ಮುಗಿಸಿ ಬಂದು ಉಣ್ಣುತ್ತಿದ್ದರು. ಲೆಕ್ಕ ತಿಂಗಳಿಗೊಮ್ಮೆ, ಪಗಾರ ಆದ ಮೇಲೆ. ಅಲ್ಲಿವರೆಗೆ ಅಕ್ಕಿ, ಬೇಳೆ, ಎಣ್ಣೆ ಎಲ್ಲ ಅವಳು ಉದ್ರಿಯಲ್ಲಿ ತರಬೇಕಿತ್ತು. ಬಡ್ಡಿ ಸಾಲವೂ ತಪ್ಪುತ್ತಿರಲಿಲ್ಲ. ಈ ಹೆಂಗಸರಿಗೆ ಬ್ಯಾಂಕ್ ಸಾಲ ಕೊಡಿಸೋಣ ಅಂತಲೇ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು. ಇದೆಲ್ಲ ಗೊತ್ತಿದ್ದರೆ ಕರಪತ್ರದ ಆ ಕೊನೇ ಸಾಲು ಬೇರೆ ಥರ ಓದಿಸಿಕೊಳ್ಳುತ್ತದೆ. ಮೇಲೆಲ್ಲ ರುಚಿ, ಶುಚಿ, ಮನೆಯಂಥ ಊಟ ಅಂತ ಹೊಗಳಿಕೊಂಡು, ಕೆಳಗೆ ಬಾಕಿ ಇಡಬೇಡಿ ಮಾರಾಯರೇ ಅಂತ ಕೈ ಮುಗಿದಂತಿದೆ. ಅನುವಾದದಲ್ಲಿ ಈ ದನಿ ಹೋಗಬಾರದು.

'ಬೋರ್ಡಿಂಗ್' ಅಂತ ಹಾಕಿ ಅಂದವರೂ ಇದ್ದಾರೆ. ಅರ್ಥ ಕೂಡುತ್ತದೆ. ಮಾಟುಂಗಾ ಸ್ಟೇಶನ್ ಪಕ್ಕ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಲ್ಲರಿಗೂ ಗೊತ್ತು. ಅಲ್ಲಿ ಬಾಳೆಲೆ ಇದೆ, ಸಾರು ಇದೆ, ಮಲಗಲು ಮಂಚ ಇಲ್ಲ. ಬೋರ್ಡಿಂಗ್ ಅಂದರೆ ಊಟ, ಲಾಡ್ಜಿಂಗ್ ಅಂದರೆ ತಂಗೋದು ಅಂತ ಹೋಟೆಲಿನ ಹಿರಿಯರು ಸರಿಯಾಗೇ ಬೇರೆ ಮಾಡುತ್ತಿದ್ದರು. ಈಗಿನ ಹುಡುಗರಿಗೆ ಬೋರ್ಡಿಂಗ್ ಅಂದರೆ ಒಂದೋ ಹಾಸ್ಟೆಲ್ ಇರುವ ಶಾಲೆ, ಇಲ್ಲಾ ವಿಮಾನದ ಪಾಸು. ಆ ಪದ ಚೀಟಿಯಲ್ಲಿ ಕೆಲಸ ಮಾಡೋದು ಕಷ್ಟ.

ಉಳಿದ ಸಲಹೆಗಳು: 'ಮೆಸ್ ಬಿಲ್' ತೀರಾ ಕಾಲೇಜಿನದಾಯಿತು. 'ಊಟದ ಶುಲ್ಕ' ಸರ್ಕಾರಿ ನೋಟೀಸಿನ ಹಾಗಿದೆ. 'ವಾರಾನ್ನ' ಅಂದರು ಒಬ್ಬರು, ಆದರೆ ಅದು ಪುಕ್ಕಟೆ ಊಟ ಅಲ್ವಾ? ನನಗೆ ಮನಸ್ಸಿರೋದು 'ವರ್ತನೆ' ಮೇಲೆ. ಹಾಲಿನ ವರ್ತನೆ ಅಂತ ಮೈಸೂರು ಕಡೆ ಹೇಳುತ್ತಾರಲ್ಲ, ದಿನಾ ಹಾಕಿಸಿಕೊಂಡು ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ ಮಾಡುವ ಪದ್ಧತಿ. 'ಊಟದ ವರ್ತನೆ ದುಡ್ಡು ಮುಂಗಡ ಕೊಡಬೇಕು' ಅಂದರೆ ಹೇಗೆ? ತೊಂದರೆ ಏನೆಂದರೆ ಇಲ್ಲಿಯ ಓದುಗರಲ್ಲಿ ಕರಾವಳಿಯವರೇ ಜಾಸ್ತಿ. ಅವರು ವರ್ತನೆ ಅಂದರೆ ನಡತೆ ಅಂತಲೇ ಓದುತ್ತಾರೆ. ಊಟದ ಮನೆಯಲ್ಲಿ ನಡತೆಗೆ ದುಡ್ಡು ಕಟ್ಟಿಸಿಕೊಂಡ ಹಾಗಾದೀತು.

ಇದೇ ಗೊಂದಲ ಕಿರಾಣಿ ಅಂಗಡಿಯ ಜಾಹೀರಾತಿನಲ್ಲೂ ಇದೆ. 'ಠೋಕ ವ ಕಿರಕೋಳ' ಅನ್ನುವುದಕ್ಕೆ ಬೆಳಗಾವಿಯವರು ಪದ ಬದಲಿಸುವುದೇ ಬೇಡ ಅನ್ನುತ್ತಾರೆ, ಮಂಗಳೂರಿನವರಿಗೆ 'ರಖಂ' ಬೇಕು, ಮೈಸೂರಿನವರಿಗೆ 'ಸಗಟು'. ಅದನ್ನು 'ಸಗಟು ಮತ್ತು ಚಿಲ್ಲರೆ' ಅಂತ ಮುಗಿಸಿಬಿಟ್ಟಿದ್ದೇವೆ, ದಯವಿಟ್ಟು ಮತ್ತೆ ಕೆದಕಬೇಡಿ. 'ಉಪಹಾರ', 'ಉಪಾಹಾರ' ಜಗಳವೂ ಬೇಡ. ತಿಂಡಿಗೆ ದೀರ್ಘವೇ ಸರಿ.

'ಬ್ರಾಹ್ಮಣರಿಗೆ ಮಾತ್ರ' ಅನ್ನುವಂಥ ಸಾಲುಗಳನ್ನು ಬಿಟ್ಟುಬಿಡೋಣ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಹೋಟೆಲಿಗೆ, ಅಂಗಡಿಗೆ ಜಾತಿ ನೋಡಿ ಒಳಗೆ ಬಿಡಬಾರದು ಅಂತ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲೇ ಬರೆಯಬೇಕಾಗಿ ಬಂತು. ಯಾಕೆ ಬಂತು ಅನ್ನೋದು ಇಂಥ ಸಾಲುಗಳಿಂದಲೇ ಗೊತ್ತಾಗೋದು. ಹಾಗಾಗಿ ಅವು ಇದ್ದಂತೆಯೇ ಇರುತ್ತವೆ.

ಈಗ ನನ್ನ ಪ್ರಶ್ನೆ. ಬೆಳಗಾವಿ, ವಿಜಯಪುರ, ಕಾರವಾರ ಕಡೆಯ ಹಿರಿಯರ ಮಾತಿನಲ್ಲಿ 'ಖಾನಾವಳಿ' ಅಂದರೆ ದುಡ್ಡು ಅನ್ನೋ ಬಳಕೆ ಕೇಳಿದ್ದೀರಾ? 'ಈ ತಿಂಗಳ ಖಾನಾವಳಿ ಕೊಟ್ಟೆ' ಅನ್ನೋ ಥರ? ಕೇಳಿದ್ದರೆ ಊರಿನ ಹೆಸರು ಸಮೇತ ಬರೆಯಿರಿ. ಆಗ ಧಾರವಾಡದ ಗೆಳೆಯರು ಬರೆದ ಸಾಲನ್ನೇ ಉಳಿಸಿಕೊಂಡು, ಕೆಳಗೊಂದು ವಿವರಣೆ ಹಾಕುತ್ತೇವೆ. ಇಲ್ಲದಿದ್ದರೆ ತಿಂಗಳ ಊಟದ ದುಡ್ಡಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದರು, ಅದನ್ನು ತಿಳಿಸಿ. ಚೀಟಿಗಳು ಇನ್ನೂ ಅಚ್ಚಿಗೆ ಹೋಗಿಲ್ಲ.